ಅಲಬಾಮಾದ ರಷ್ ವಾರ: ಸೊರಾರಿಟಿ ನಂಟಿಲ್ಲದ ಮನೆಯ ಹುಡುಗಿಯ ಸಿದ್ಧತೆ, ಒಂದು ಪ್ರಕರಣ ಅಧ್ಯಯನ

ಅಟ್ಲಾಂಟಾದ ಉತ್ತರ ಉಪನಗರದಲ್ಲಿ ನೆಲೆಸಿದ ಕನ್ನಡ ಕುಟುಂಬ. ತಂದೆ ತಾಯಿ ಇಬ್ಬರೂ ಕರ್ನಾಟಕದಲ್ಲಿ ಎಂಜಿನಿಯರಿಂಗ್ ಓದಿ ಬಂದವರು. ಮಗಳಿಗೆ 18 ವರ್ಷ. ಅಂಕಗಳ ಆಧಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಟಸ್ಕಲೂಸಾದ ಅಲಬಾಮಾ ವಿಶ್ವವಿದ್ಯಾಲಯ ಸೇರುತ್ತಿದ್ದಾಳೆ. ಹೊರ ರಾಜ್ಯದ ಒಳ್ಳೆಯ ಅಂಕದ ಮಕ್ಕಳನ್ನು ಸೆಳೆಯಲು ಆ ವಿಶ್ವವಿದ್ಯಾಲಯ ದೊಡ್ಡ ಮೊತ್ತದ ವಿದ್ಯಾರ್ಥಿವೇತನ ಕೊಡುವುದರಿಂದ ಭಾರತೀಯ ಮೂಲದ ಮನೆಗಳಿಗೂ ಅದು ಈಗ ಹೊಸದಲ್ಲ. ಹೊಸದೆಂದರೆ ಮಗಳ ಮುಂದಿನ ಮಾತು: ಆಗಸ್ಟಿನಲ್ಲಿ ತರಗತಿ ಶುರುವಾಗುವ ಮುನ್ನ ನಡೆಯುವ ಸೊರಾರಿಟಿ ಆಯ್ಕೆಗೆ, ಅಂದರೆ ರಷ್‌ಗೆ, ಹೆಸರು ಕೊಡಬೇಕು. ಮನೆಯಲ್ಲಿ ಯಾರೂ ಸೊರಾರಿಟಿ ಸೇರಿದವರಲ್ಲ, ಆ ಊರಿನಲ್ಲಿ ಬಳಗವಿಲ್ಲ.

ಈ ವಿದ್ಯಾರ್ಥಿನಿ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಹಲವು ಮನೆಗಳಲ್ಲಿ ಎದುರಾಗುವ ಪರಿಸ್ಥಿತಿಯನ್ನು ಒಂದೆಡೆ ಕೂಡಿಸಿ ಕಟ್ಟಿದ ಮಾದರಿ. ಅವಳು ಎದುರಿಸುವ ನಿಯಮಗಳು ಮಾತ್ರ ನಿಜದವು.

ಸೊರಾರಿಟಿ ಎಂದರೆ ಗ್ರೀಕ್ ಅಕ್ಷರಗಳ ಹೆಸರು ಹೊತ್ತ ವಿದ್ಯಾರ್ಥಿನಿಯರ ಸಂಘ. ಅದಕ್ಕೆ ಕ್ಯಾಂಪಸ್ಸಿನಲ್ಲಿ ಸ್ವಂತ ಮನೆ, ಅಡುಗೆಮನೆ, ಸದಸ್ಯತ್ವ ಶುಲ್ಕ, ಜೀವನಪೂರ್ತಿ ಉಳಿಯುವ ಸದಸ್ಯತ್ವ ಎಲ್ಲ ಉಂಟು. 1902ರಲ್ಲಿ ಹುಟ್ಟಿದ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಇಂಥ 26 ರಾಷ್ಟ್ರೀಯ ಸಂಘಗಳ ಒಕ್ಕೂಟವಾಗಿ ಬೆಳೆಯಿತು. ಆಯ್ಕೆಯ ನಿಯಮ ಅದರದು. ಅಲಬಾಮಾದಲ್ಲಿ ಇಂಥ ಹದಿನೈದಕ್ಕೂ ಹೆಚ್ಚು ಸಂಘಗಳು (ಅವನ್ನು ಮನೆಗಳೆಂದೇ ಕರೆಯುತ್ತಾರೆ), ಪ್ರತಿ ವರ್ಷ ಎರಡು ಸಾವಿರಕ್ಕೂ ಹೆಚ್ಚು ಹುಡುಗಿಯರು. ಅವರು ಸುತ್ತು ಸುತ್ತಾಗಿ ಈ ಮನೆಗಳಿಗೆ ಭೇಟಿ ಕೊಡುತ್ತಾರೆ, ಪ್ರತಿ ಸುತ್ತಿನ ನಂತರ ಮರಳಿ ಕರೆಯುವ ಮನೆಗಳು ಕಡಿಮೆಯಾಗುತ್ತವೆ. 2021ರ ಆಗಸ್ಟಿನಲ್ಲಿ ಅವರ ದಿನದ ಉಡುಪಿನ ಟಿಕ್‌ಟಾಕ್ ವಿಡಿಯೊಗಳು ಲೋಕವೆಲ್ಲ ಹಬ್ಬಿದವು. ಹಾಗಾಗಿ ಈಗ ಹೆಸರು ಕೊಡುವ ಬಹಳ ಹುಡುಗಿಯರು ಸಿದ್ಧತೆ ಎಂದರೆ ಬಟ್ಟೆ ಎಂದೇ ತಿಳಿದಿದ್ದಾರೆ. ಈ ಪ್ರಕರಣದಲ್ಲಿ ಬಟ್ಟೆ ಅತಿ ಚಿಕ್ಕ ಭಾಗ.

ಮೊದಲು ದುಡ್ಡಿನ ಮಾತು

ಜನವರಿಯಲ್ಲೇ ಮನೆಯವರು ಕೂತು ತೀರ್ಮಾನಿಸಬೇಕಾದದ್ದು ಇದು. ಆಯ್ಕೆಗೆ ಹೆಸರು ನೋಂದಾಯಿಸಲು ಕೆಲವು ನೂರು ಡಾಲರ್. ಸೇರಿದ ಮೇಲೆ ಮೊದಲ ಸೆಮಿಸ್ಟರಿನ ಖರ್ಚು ಅಲಬಾಮಾದಂಥ ಕಡೆ ನಾಲ್ಕು ಸಾವಿರ ಡಾಲರ್ ದಾಟುತ್ತದೆ. ಅದರಲ್ಲಿ ಹೊಸ ಸದಸ್ಯೆಯ ಶುಲ್ಕ, ಬ್ಯಾಡ್ಜ್, ಮನೆಯ ನಿರ್ವಹಣೆ, ಊಟ ಸೇರಿರುತ್ತವೆ. ಸಂಘದ ಮನೆಯಲ್ಲಿ ವಾಸವಿಲ್ಲದಿದ್ದರೂ ಊಟದ ಹಣ ಕಟ್ಟಬೇಕು. ಎರಡನೆಯ ವರ್ಷ ಅಲ್ಲೇ ವಾಸಿಸಬೇಕೆಂದು ಹಲವು ಮನೆಗಳು ನಿರೀಕ್ಷಿಸುತ್ತವೆ, ಆಗ ಖರ್ಚು ಇನ್ನೂ ಏರುತ್ತದೆ. ವಿದ್ಯಾರ್ಥಿವೇತನ ಇದಾವುದನ್ನೂ ತುಂಬಿಕೊಡುವುದಿಲ್ಲ.

ನಾಲ್ಕು ವರ್ಷದ ಒಟ್ಟು ಲೆಕ್ಕವನ್ನು ಕಾಗದದ ಮೇಲೆ ಹಾಕದೆ ಮುಂದೆ ಹೋದ ಮನೆಗಳಲ್ಲಿ ಜಗಳ ಏಳುವುದು ಸೆಪ್ಟೆಂಬರಿನಲ್ಲಿ, ಮೊದಲ ಬಿಲ್ ಬಂದಾಗ. ಅಷ್ಟರಲ್ಲಿ ಹುಡುಗಿ ಒಪ್ಪಂದಕ್ಕೆ ಸಹಿ ಹಾಕಿಯಾಗಿರುತ್ತದೆ. ಈ ಕುಟುಂಬ ಒಂದು ಮಿತಿ ಹಾಕಿಕೊಂಡಿತು, ಮಗಳಿಗೂ ಆ ಅಂಕಿ ಹೇಳಿತು. ಅದನ್ನು ಗುಟ್ಟಾಗಿಡುವುದರಿಂದ ಯಾರಿಗೂ ಉಪಕಾರವಿಲ್ಲ.

ಖಾಸಗಿ ತರಬೇತುದಾರರ ವಿಷಯವೂ ಇಲ್ಲೇ ಬರಬೇಕು. ದಕ್ಷಿಣದ ರಾಜ್ಯಗಳಲ್ಲಿ ರಷ್ ಸಲಹೆಗಾರರು ಸಾವಿರಾರು ಡಾಲರ್ ಪಡೆದು ಬಟ್ಟೆ, ಮಾತು, ರೆಸ್ಯೂಮೆ ಎಲ್ಲವನ್ನೂ ತಿದ್ದುತ್ತಾರೆ. ಅವರು ಹೇಳಿಕೊಡುವುದರಲ್ಲಿ ಮುಖ್ಯವಾದದ್ದೆಲ್ಲ ಕೆಳಗಿದೆ. ಹಣ ಕೊಟ್ಟರೂ ಸದಸ್ಯೆಯರು ಮತ ಹಾಕಿ ಹುಡುಗಿಯರನ್ನು ಆರಿಸುವ ಕೋಣೆಯೊಳಗೆ ಅವರಿಗೆ ಪ್ರವೇಶವಿಲ್ಲ.

ಕೊರತೆ ಎಲ್ಲಿದೆ

ಮನೆಯ ಹಿರಿಯರು ಅದೇ ಸಂಘದ ಸದಸ್ಯರಾಗಿದ್ದರೆ ಹುಡುಗಿಯನ್ನು ಲೆಗಸಿ ಎನ್ನುತ್ತಾರೆ. ನಮ್ಮ ವಿದ್ಯಾರ್ಥಿನಿಗೆ ಅದಿಲ್ಲ. ಇದು ಹಿಂದಿನಷ್ಟು ದೊಡ್ಡ ಕೊರತೆಯಲ್ಲ. 2020ರಿಂದೀಚೆಗೆ ಹಲವು ರಾಷ್ಟ್ರೀಯ ಸಂಘಗಳು ಲೆಗಸಿಗಳಿಗೆ ಕೊಡುತ್ತಿದ್ದ ವಿಶೇಷ ಸ್ಥಾನವನ್ನು ತೆಗೆದುಹಾಕಿವೆ. ಶಿಫಾರಸು ಪತ್ರ, ಅಂದರೆ ರೆಕ್, ಕಡ್ಡಾಯವೆಂಬ ನಿಯಮವನ್ನೂ ಹಲವು ಸಂಘಗಳು ಸಡಿಲಿಸಿವೆ. ಆದರೆ ದಕ್ಷಿಣದಲ್ಲಿ ಬೇರೆ ಹುಡುಗಿಯರು ರೆಕ್‌ಗಳೊಂದಿಗೇ ಬರುತ್ತಾರೆ. ಇಲ್ಲದಿದ್ದರೆ ಹೊರಹಾಕುವುದಿಲ್ಲ; ಇದ್ದರೆ ಎರಡು ಸಾವಿರ ಹೆಸರುಗಳ ನಡುವೆ ನಿಮ್ಮ ಹೆಸರನ್ನು ಯಾರೋ ಒಬ್ಬರು ಮೊದಲೇ ಓದಿರುತ್ತಾರೆ.

ಬಳಗವಿಲ್ಲದ ಮನೆಯವರು ರೆಕ್ ಎಲ್ಲಿಂದ ತರಬೇಕು? ಹೈಸ್ಕೂಲಿನ ಶಿಕ್ಷಕಿಯರು, ಕೌನ್ಸೆಲರ್, ತಾಯಿಯ ಸಹೋದ್ಯೋಗಿಗಳು, ನೆರೆಮನೆಯವರು, ಮಕ್ಕಳ ವೈದ್ಯೆ: ಜಾರ್ಜಿಯಾದಲ್ಲಿ ಇವರಲ್ಲಿ ಸೊರಾರಿಟಿ ಸದಸ್ಯೆಯರಾಗಿದ್ದವರು ಸಿಕ್ಕೇ ಸಿಗುತ್ತಾರೆ. ಕೇಳಬೇಕಷ್ಟೇ. ನಮ್ಮ ಜನ ಹಿಂಜರಿಯುವುದು ಇಲ್ಲೇ. ದಾಕ್ಷಿಣ್ಯ ಬೇಡ, ಅಲ್ಲಿ ಇದು ವರ್ಷವರ್ಷವೂ ನಡೆಯುವ ಸಾಮಾನ್ಯ ಬೇಡಿಕೆ. ಏಪ್ರಿಲಿನಲ್ಲಿ ಕೇಳಿ, ಜೂನ್ ಒಳಗೆ ಮುಗಿಸಬೇಕು. ಕೊಡಬೇಕಾದದ್ದು ಒಂದು ಪುಟದ ರೆಸ್ಯೂಮೆ, ಒಂದು ಮುಖದ ಫೋಟೊ, ಒಂದು ಪೂರ್ಣ ಫೋಟೊ, ಅಂಕಪಟ್ಟಿಯ ಪ್ರತಿ. ಪತ್ರವನ್ನು ಶಿಫಾರಸು ಮಾಡುವಾಕೆ ತನ್ನ ಸಂಘಕ್ಕೆ ನೇರವಾಗಿ ಆನ್‌ಲೈನಿನಲ್ಲಿ ಸಲ್ಲಿಸುತ್ತಾಳೆ. ಕೆಲಸವಾದ ಮೇಲೆ ಕೈಬರಹದ ಧನ್ಯವಾದ ಪತ್ರ ಹೋಗಲೇಬೇಕು. ಎಲ್ಲ ಮನೆಗಳಿಗೂ ರೆಕ್ ಹೊಂದಿಸಲು ಹೊರಟರೆ ಬೇಸಿಗೆಯೇ ಮುಗಿಯುತ್ತದೆ. ಸಿಕ್ಕಷ್ಟು ಸಾಕು.

ಅಂಕ ಮೊದಲ ಜರಡಿ. ಎರಡು ಸಾವಿರಕ್ಕೂ ಹೆಚ್ಚು ಅರ್ಜಿಗಳನ್ನು ಕಡಿಮೆ ಮಾಡಲು ಅದಕ್ಕಿಂತ ಸುಲಭದ ದಾರಿಯಿಲ್ಲ. ಪ್ರತಿ ಸಂಘಕ್ಕೂ ತನ್ನದೇ ಕನಿಷ್ಠ ಜಿಪಿಎ, ಅಂದರೆ ಸರಾಸರಿ ಅಂಕ, ಇದೆ. ಇಲ್ಲಿ ಆಗುವ ತಪ್ಪು 4.0ರ ಮಾಪನದ ಅಂಕ ಕೇಳಿದಾಗ ಕಾಲೇಜು ಮಟ್ಟದ ಎಪಿ ಪಾಠಗಳಿಂದ ಉಬ್ಬಿದ 4.5ನ್ನು ಬರೆಯುವುದು, ಇಲ್ಲವೇ ಅರ್ಜಿ ಕೇಳಿದ್ದೇ ಉಬ್ಬಿದ ಅಂಕವಾಗಿರುವಾಗ 4.0ರ ಮಾಪನದ ಅಂಕ ಬರೆಯುವುದು. ಅಂಕಪಟ್ಟಿಯೊಂದಿಗೆ ತಾಳೆಯಾಗದ ಸಂಖ್ಯೆ ಸುಮ್ಮನೆ ಅನುಮಾನ ಹುಟ್ಟಿಸುತ್ತದೆ. ನಮ್ಮ ವಿದ್ಯಾರ್ಥಿನಿಗೆ 3.9 ಇರುವುದರಿಂದ ಈ ಜರಡಿಯ ಭಯವಿಲ್ಲ.

ಸಾಮಾಜಿಕ ಜಾಲತಾಣದ ಖಾತೆಗಳನ್ನು ಅಳಿಸಬೇಕಿಲ್ಲ. ಸದಸ್ಯೆಯರು ನೋಡಿಯೇ ನೋಡುತ್ತಾರೆ, ಖಾಲಿ ಖಾತೆಯಿಂದ ಏನೂ ತಿಳಿಯದು. ಕೆಂಪು ಪ್ಲಾಸ್ಟಿಕ್ ಲೋಟ ಕೈಯಲ್ಲಿರುವ ಫೋಟೊಗಳು ಹೋಗಬೇಕು, ಯಾಕೆಂದರೆ ಅಮೆರಿಕದಲ್ಲಿ ಕುಡಿಯುವ ವಯಸ್ಸು 21. ಗೆಳತಿಯರು ಟ್ಯಾಗ್ ಮಾಡಿದ ಫೋಟೊಗಳನ್ನು ನೋಡಲು ಎಲ್ಲರೂ ಮರೆಯುತ್ತಾರೆ.

ಮಾತು

ನಿಜವಾದ ಸಿದ್ಧತೆ ಇದೇ, ಸಮಯ ಹೆಚ್ಚು ಬೇಕಾದದ್ದೂ ಇದಕ್ಕೇ. ಆರಂಭದ ಸುತ್ತಿನ ಒಂದು ಭೇಟಿ ಸುಮಾರು ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಕಡಿಮೆ. ಬಾಗಿಲು ತೆರೆಯುತ್ತಿದ್ದಂತೆ ಸದಸ್ಯೆಯರೆಲ್ಲ ಒತ್ತಾಗಿ ನಿಂತು ಚಪ್ಪಾಳೆ ತಟ್ಟುತ್ತ ಕೂಗುತ್ತಿರುತ್ತಾರೆ. ಒಬ್ಬಳು ಕೈಹಿಡಿದು ಒಳಗೆ ಕರೆದೊಯ್ಯುತ್ತಾಳೆ. ಐದಾರು ನಿಮಿಷ ಮಾತಾದ ಮೇಲೆ ಮತ್ತೊಬ್ಬಳು ಬಂದು ಸೇರುತ್ತಾಳೆ, ಮೊದಲನೆಯವಳು ಜಾರುತ್ತಾಳೆ. ಹೀಗೆ ಒಂದು ಭೇಟಿಯಲ್ಲಿ ಎರಡರಿಂದ ನಾಲ್ಕು ಜನರ ಜೊತೆ ಮಾತು. ಬಾಗಿಲು ಮುಚ್ಚಿದ ಕೂಡಲೇ ಅವರು ತಮ್ಮ ಅಭಿಪ್ರಾಯ ದಾಖಲಿಸುತ್ತಾರೆ. ಆ ದಿನ ಅವರೂ ನೂರಾರು ಮುಖ ನೋಡಿರುತ್ತಾರೆ, ಆದ್ದರಿಂದ ಒಂದು ನಿರ್ದಿಷ್ಟ ಸಂಗತಿ ನೆನಪಿನಲ್ಲಿ ಉಳಿಯದ ಹುಡುಗಿ ಅವರ ಪಾಲಿಗೆ ಬರೀ ಹೆಸರಾಗಿ ಉಳಿಯುತ್ತಾಳೆ.

ನಮ್ಮ ವಿದ್ಯಾರ್ಥಿನಿಯ ಮೊದಲ ಅಭ್ಯಾಸದಲ್ಲೇ ದೋಷ ಕಂಡಿತು. ಅವಳು ಪ್ರಶ್ನೆಗೆ ಉತ್ತರ ಕೊಟ್ಟು ನಿಲ್ಲಿಸುತ್ತಿದ್ದಳು. ‘ಏನು ಓದುತ್ತೀಯ?’ ‘ಬಯೋಮೆಡಿಕಲ್.’ ದೊಡ್ಡವರು ಕೇಳಿದ್ದಕ್ಕೆ ಚುಟುಕಾಗಿ ಉತ್ತರಿಸುವುದು ನಮ್ಮ ಮನೆಗಳಲ್ಲಿ ಮರ್ಯಾದೆ. ಅಲ್ಲಿ ಅದು ಆಸಕ್ತಿಯಿಲ್ಲದ ಲಕ್ಷಣವಾಗಿ ಕಾಣುತ್ತದೆ. ತಿದ್ದುವ ಬಗೆ ಹೀಗೆ: ಪ್ರತಿ ಉತ್ತರದಲ್ಲೂ ಒಂದು ವಿವರ, ಕೊನೆಯಲ್ಲಿ ಎದುರಿನವಳಿಗೆ ಒಂದು ಪ್ರಶ್ನೆ. ‘ಬಯೋಮೆಡಿಕಲ್, ಅಜ್ಜಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆದಾಗ ಆ ಕೃತಕ ಕೀಲು ನೋಡಿ ಕುತೂಹಲ ಹುಟ್ಟಿತು. ನೀನು ಮೇಜರ್ ಹೇಗೆ ಆರಿಸಿಕೊಂಡೆ?’

ಇಂಥ ಆರೇಳು ಸಂಗತಿಗಳನ್ನು ಗುರುತಿಸಿಕೊಳ್ಳಬೇಕು, ಬಾಯಿಪಾಠ ಮಾಡಬಾರದು. ಹತ್ತು ವರ್ಷ ಭರತನಾಟ್ಯ ಕಲಿತದ್ದು ಅವಳಲ್ಲಿರುವ ದೊಡ್ಡ ಆಸ್ತಿ. ಆದರೆ ಅಡವು, ಜತಿ, ಅರಂಗೇಟ್ರಂ ಎಂದು ಪಾಠ ಮಾಡಹೊರಟರೆ ಕೇಳುವವಳು ಕಳೆದುಹೋಗುತ್ತಾಳೆ. ಎರಡು ಗಂಟೆ ವೇದಿಕೆಯ ಮೇಲೆ ಒಬ್ಬಳೇ ನರ್ತಿಸಿದ್ದು, ಅದಕ್ಕಾಗಿ ಒಂದು ವರ್ಷ ವಾರಾಂತ್ಯಗಳನ್ನು ಬಿಟ್ಟುಕೊಟ್ಟದ್ದು ಎಂದರೆ ಯಾರಿಗೂ ಅರ್ಥವಾಗುತ್ತದೆ. ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಗಳಲ್ಲಿ ಮಕ್ಕಳಿಗೆ ನೃತ್ಯ ಕಲಿಸಿದ್ದು, ಊಟದ ಸಾಲು ನಿಭಾಯಿಸಿದ್ದು ಸೇವೆಯ ಅನುಭವವೇ. ರೆಸ್ಯೂಮೆಯಲ್ಲಿ ಗಂಟೆಗಳ ಲೆಕ್ಕದೊಂದಿಗೆ ಬರೆಯಬೇಕು. ಎರಡನೆಯ ಸುತ್ತು ನಡೆಯುವುದೇ ಪ್ರತಿ ಸಂಘದ ಸೇವಾಕಾರ್ಯದ ಬಗ್ಗೆ, ಅಲ್ಲಿ ಇದು ತಾನಾಗಿ ಮಾತಿಗೆ ಬರುತ್ತದೆ.

ಬೇಡದ ಮಾತುಗಳನ್ನು ಅಲ್ಲಿಯ ಹುಡುಗಿಯರು ಐದು ‘ಬಿ’ಗಳೆಂದು ನೆನಪಿಡುತ್ತಾರೆ: ಬಾಯ್ಸ್, ಬೂಜ್, ಬಕ್ಸ್, ಬೈಬಲ್, ಬ್ಯಾಲಟ್. ಹುಡುಗರು, ಕುಡಿತ, ಹಣ, ಧರ್ಮ, ರಾಜಕೀಯ. ಇನ್ನೊಂದು ಮನೆಯ ಬಗ್ಗೆ ಕೆಟ್ಟ ಮಾತನ್ನೂ ಸೇರಿಸಿಕೊಳ್ಳಿ. ಪಕ್ಕದ ಮನೆಯ ಸದಸ್ಯೆ ಇವಳ ರೂಮ್‌ಮೇಟ್ ಆಗಿರಬಹುದು.

ಬಣ್ಣದ ಪ್ರಶ್ನೆ

ಇದನ್ನು ಮುಚ್ಚಿಟ್ಟು ಮಗಳನ್ನು ಕಳಿಸುವುದು ತಪ್ಪು. 1963ರ ಜೂನ್ 11ರಂದು ಗವರ್ನರ್ ಜಾರ್ಜ್ ವಾಲೇಸ್ ಕಪ್ಪು ವಿದ್ಯಾರ್ಥಿಗಳಾದ ವಿವಿಯನ್ ಮಲೋನ್ ಮತ್ತು ಜೇಮ್ಸ್ ಹುಡ್ ಅವರನ್ನು ತಡೆಯಲು ಬಾಗಿಲಲ್ಲಿ ನಿಂತದ್ದು ಇದೇ ಕ್ಯಾಂಪಸ್ಸಿನಲ್ಲಿ. ಐವತ್ತು ವರ್ಷದ ನಂತರ, 2013ರ ಸೆಪ್ಟೆಂಬರಿನಲ್ಲಿ, ವಿದ್ಯಾರ್ಥಿ ಪತ್ರಿಕೆ ಕ್ರಿಮ್ಸನ್ ವೈಟ್ ಒಂದು ವರದಿ ಪ್ರಕಟಿಸಿತು: ಎಲ್ಲ ಅರ್ಹತೆಯಿದ್ದ ಕಪ್ಪು ವಿದ್ಯಾರ್ಥಿನಿಯೊಬ್ಬಳನ್ನು ಸೇರಿಸಿಕೊಳ್ಳಲು ಸದಸ್ಯೆಯರೇ ಬಯಸಿದರೂ ಹಳೆಯ ಸದಸ್ಯೆಯರ ಅಡ್ಡಿಯಿಂದ ಅವಳನ್ನು ಕೈಬಿಡಲಾಯಿತು. ವಿಶ್ವವಿದ್ಯಾಲಯದ ಆಗಿನ ಅಧ್ಯಕ್ಷೆ ಜೂಡಿ ಬಾನರ್ ಆಯ್ಕೆಯನ್ನು ಮತ್ತೆ ತೆರೆಯುವಂತೆ ಆದೇಶಿಸಿದರು, ಆ ಶರತ್ಕಾಲದಲ್ಲೇ ಕಪ್ಪು ವಿದ್ಯಾರ್ಥಿನಿಯರಿಗೆ ಆಹ್ವಾನಗಳು ಬಂದವು. ಇಂದು ಪರಿಸ್ಥಿತಿ ಬದಲಾಗಿದೆ, ಆದರೂ ಹೆಚ್ಚಿನ ಮನೆಗಳಲ್ಲಿ ಬಿಳಿಯ ಹುಡುಗಿಯರದೇ ದೊಡ್ಡ ಸಂಖ್ಯೆ. ಪ್ರತಿ ಭೇಟಿಯಲ್ಲೂ ಕೋಣೆಯನ್ನು ಕಣ್ಣಾಡಿಸಿ ನೋಡುವುದು, ತನ್ನಂಥವರು ಅಲ್ಲಿದ್ದಾರೆಯೇ, ಹೇಗಿದ್ದಾರೆ ಎಂದು ಗಮನಿಸುವುದು ಅವಳ ಹಕ್ಕು. ಕೆಲವು ಸಂಘಗಳ ವಿಧಿಗಳಲ್ಲಿ ಕ್ರೈಸ್ತ ಛಾಯೆ ಉಂಟೆಂಬುದೂ ಮೊದಲೇ ತಿಳಿದಿರಲಿ.

ಬಟ್ಟೆಯ ವಿಷಯ ಬೇಗ ಮುಗಿಸಬಹುದು. ಆರಂಭದ ಒಂದೆರಡು ದಿನ ಪ್ಯಾನ್‌ಹೆಲೆನಿಕ್ ಕೊಡುವ ಟೀ ಶರ್ಟ್ ಅಥವಾ ಸರಳ ಉಡುಪು, ಸಿಸ್ಟರ್‌ಹುಡ್ ಸುತ್ತಿಗೆ ಸಂಡ್ರೆಸ್, ಕೊನೆಯ ಪ್ರಿಫರೆನ್ಸ್ ಸುತ್ತಿಗೆ ಗಾಢ ಬಣ್ಣದ ಗಂಭೀರ ಉಡುಪು. ಟಸ್ಕಲೂಸಾದ ಆಗಸ್ಟಿನಲ್ಲಿ ಬಿಸಿಲು 33–36 ಡಿಗ್ರಿ, ಜೊತೆಗೆ ಸೆಕೆ; ಬೆವರು ಕಾಣುವ ಬೂದು ಬಣ್ಣ ಬೇಡ. ಚೀಲದಲ್ಲಿ ನೀರು, ಕೈ ಫ್ಯಾನ್, ಬ್ಯಾಂಡ್ ಏಡ್, ಛತ್ರಿ, ಮನೆಯಿಂದ ಮನೆಗೆ ನಡೆಯಲು ಚಪ್ಪಲಿ, ತಿನ್ನಲು ಒಣಹಣ್ಣು. ಹೊಸ ಪಾದರಕ್ಷೆಯನ್ನು ಜುಲೈಯಲ್ಲೇ ಹಾಕಿ ಪಳಗಿಸದಿದ್ದರೆ ಎರಡನೇ ದಿನವೇ ಕಾಲಲ್ಲಿ ಬೊಬ್ಬೆ.

ವಾರದ ಲೆಕ್ಕ

ಆಯ್ಕೆ ಎರಡೂ ಕಡೆಯಿಂದ ನಡೆಯುತ್ತದೆ. ಮನೆಗಳು ಹುಡುಗಿಯರನ್ನು ಆರಿಸುತ್ತವೆ, ಹುಡುಗಿಯರು ಮನೆಗಳನ್ನು ಇಷ್ಟದ ಕ್ರಮದಲ್ಲಿ ಜೋಡಿಸುತ್ತಾರೆ, ತಂತ್ರಾಂಶ ಎರಡನ್ನೂ ಕೂಡಿಸುತ್ತದೆ. ಕರ್ನಾಟಕದಲ್ಲಿ ಮಕ್ಕಳಿಗೆ ಸಿಇಟಿ ಆಪ್ಷನ್ ಎಂಟ್ರಿ ಮಾಡಿಸಿದವರಿಗೆ ಇದರ ಅರ್ಧ ತಕ್ಷಣ ಹೊಳೆಯುತ್ತದೆ. ಉಳಿದರ್ಧದಲ್ಲಿ ರ‍್ಯಾಂಕ್ ಪಟ್ಟಿ ಇಲ್ಲ, ಎದುರಿನವರ ಮತವಿದೆ.

ಪ್ರತಿ ಸುತ್ತಿನ ನಂತರ ಒಂದೊಂದು ಮನೆ ಎಷ್ಟು ಜನರನ್ನು ಮರಳಿ ಕರೆಯಬಹುದು ಎಂಬುದನ್ನು ರಿಲೀಸ್ ಫಿಗರ್ ಎಂಬ ವಿಧಾನ ನಿರ್ಧರಿಸುತ್ತದೆ. ಕರೆದಾಗ ಹಿಂದಿನ ವರ್ಷಗಳಲ್ಲಿ ಎಷ್ಟು ಹುಡುಗಿಯರು ಮರಳಿ ಬಂದರು ಎಂಬುದೇ ಆಧಾರ. ಉದಾಹರಣೆಗೆ 2,400 ಹುಡುಗಿಯರು, 16 ಮನೆಗಳು ಎಂದಿಟ್ಟುಕೊಳ್ಳಿ. ಯಾರೂ ನಡುವೆ ಬಿಡದಿದ್ದರೆ ಕೊನೆಗೆ ಮನೆಗೆ 150 ಜನ. ಮುಂದಿನ ಸುತ್ತಿನಲ್ಲಿ ಪ್ರತಿ ಮನೆಗೂ 800 ಜನ ಬರಬೇಕು ಎನ್ನಿ. ಕರೆದವರಲ್ಲಿ ಶೇ 90ರಷ್ಟು ಬರುವ ಮನೆ ಸುಮಾರು 890 ಜನರನ್ನು ಕರೆದರೆ ಸಾಕು. ಶೇ 50ರಷ್ಟು ಬರುವ ಮನೆ 1,600 ಜನರನ್ನು ಕರೆಯಬೇಕು. ಅಂದರೆ ಎಲ್ಲರೂ ಬಯಸುವ ಮನೆ ಮೊದಲ ಸುತ್ತಿಗೇ 1,500 ಹುಡುಗಿಯರನ್ನು ಬಿಡಲೇಬೇಕು, ಅವರಲ್ಲಿ ನೂರಾರು ಜನರನ್ನು ಇಷ್ಟಪಟ್ಟಿದ್ದರೂ. ಇದನ್ನು ತಿಳಿಯದ ಹುಡುಗಿ ಮರುದಿನ ಬೆಳಗ್ಗೆ ಪಟ್ಟಿ ನೋಡಿ ತನ್ನಲ್ಲೇ ಏನೋ ಕೊರತೆ ಎಂದು ಅಳುತ್ತಾಳೆ. ಹೊರಡುವ ಮುನ್ನ ಈ ಲೆಕ್ಕವನ್ನು ಅವಳ ಕೈಯಿಂದಲೇ ಮಾಡಿಸಬೇಕು.

ಹುಡುಗಿ ಜೋಡಿಸುವ ಪಟ್ಟಿಯ ನಿಯಮವನ್ನೂ ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ಮರಳಿ ಹೋಗಬಯಸುವ ಮನೆಗಳನ್ನು ನಿಗದಿತ ಸಂಖ್ಯೆಯಷ್ಟು ಗುರುತಿಸಿ, ಉಳಿದವನ್ನು ಕ್ರಮವಾಗಿ ಕೆಳಗೆ ಜೋಡಿಸುತ್ತಾಳೆ. ಕೆಳಗಿಟ್ಟ ಮಾತ್ರಕ್ಕೆ ಆ ಮನೆ ಕೈಬಿಟ್ಟುಹೋಗುವುದಿಲ್ಲ. ಮೇಲಿನವು ಕರೆಯದಿದ್ದರೆ ಅದೇ ಅವಳ ಪಟ್ಟಿಗೆ ಬರುತ್ತದೆ. ಅವಳು ಯಾವ ಮನೆಯನ್ನು ಎಲ್ಲಿಟ್ಟಳೆಂದು ಮನೆಗಳಿಗೆ ಕಾಣುವುದೂ ಇಲ್ಲ. ಆ್ಯಪ್‌ನ ಗಡುವು ಟಸ್ಕಲೂಸಾ ಸಮಯದಲ್ಲಿರುತ್ತದೆ, ಅದು ಅಟ್ಲಾಂಟಾಕ್ಕಿಂತ ಒಂದು ಗಂಟೆ ಹಿಂದೆ. ಮನೆಯಿಂದ ಫೋನು ಮಾಡುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ನಮ್ಮ ವಿದ್ಯಾರ್ಥಿನಿಯ ವಾರ ಕೆಟ್ಟದ್ದು ಎರಡನೇ ಬೆಳಗ್ಗೆ. ಅವಳು ಮೆಚ್ಚಿದ್ದ ನಾಲ್ಕು ಮನೆಗಳು ಒಟ್ಟಿಗೆ ಹೋದವು, ಉಳಿದದ್ದು ಏಳು. ಆ ರಾತ್ರಿ ಅನಾಮಧೇಯ ಜಾಲತಾಣದಲ್ಲಿ ಮನೆಗಳಿಗೆ ಕೊಟ್ಟ ‘ಮೇಲಿನ ಸಾಲು, ಕೆಳಗಿನ ಸಾಲು’ ಪಟ್ಟಿಯನ್ನು ಓದಿ, ಅದರಂತೆ ತನ್ನ ಪಟ್ಟಿ ಜೋಡಿಸಿದಳು. ಒಂದು ಮನೆಯಲ್ಲಿ ಇಬ್ಬರ ಜೊತೆ ಮಾತು ತಾನಾಗಿ ಹರಿದಿತ್ತು, ಸಮಯ ಮುಗಿದದ್ದೇ ತಿಳಿದಿರಲಿಲ್ಲ. ಅದನ್ನು ಕೆಳಗೆ ತಳ್ಳಿ, ಹವಾಮಾನದ ಮಾತಿನಲ್ಲೇ ಮುಗಿದಿದ್ದ ಮನೆಯನ್ನು ಮೇಲಿಟ್ಟಳು. ಅಂಥ ಪಟ್ಟಿಗಳನ್ನು ಬರೆಯುವವರು ಯಾರೆಂದು ಯಾರಿಗೂ ಗೊತ್ತಿಲ್ಲ, ಅವು ಹುಡುಗಿಯರಿಗೆ ಮಾಡುವ ಹಾನಿ ದೊಡ್ಡದು. ತಡೆಯುವ ಸರಳ ದಾರಿಯೆಂದರೆ ಪ್ರತಿ ಭೇಟಿ ಮುಗಿದು ಹೊರಬಂದ ಕೂಡಲೇ ಫೋನಿನಲ್ಲಿ ಎರಡು ಸಾಲು ಬರೆದಿಡುವುದು: ಯಾರ ಜೊತೆ ಮಾತಾಡಿದೆ, ಮತ್ತೆ ಮಾತಾಡಬೇಕೆನಿಸಿತೇ. ರಾತ್ರಿ ಜೋಡಿಸುವಾಗ ಆ ಸಾಲುಗಳನ್ನು ಬಿಟ್ಟು ಬೇರೇನನ್ನೂ ತೆರೆಯಬಾರದು.

ಮೂರನೇ ಸುತ್ತಿಗೆ ನಾಲ್ಕು ಮನೆ. ತಾಯಿ ‘ಸಾಕು, ಬಿಟ್ಟು ಬಾ’ ಎಂದರು. ಆ ಹೊತ್ತಿನಲ್ಲಿ ಹುಡುಗಿ ಮಾತಾಡಬೇಕಾದದ್ದು ಅವಳ ಗುಂಪಿನ ಮಾರ್ಗದರ್ಶಿಯೊಂದಿಗೆ. ಈ ಮಾರ್ಗದರ್ಶಿಯರಿಗೆ ಪೈ ಕೈ, ರೋ ಗಾಮಾ ಎಂದು ಕ್ಯಾಂಪಸ್ಸಿಗೊಂದು ಹೆಸರು. ಆ ವಾರ ತನ್ನ ಸ್ವಂತ ಮನೆಯಿಂದ ದೂರವಿದ್ದು, ಪಕ್ಷಪಾತವಿಲ್ಲದೆ ಕೇಳಿಸಿಕೊಳ್ಳುವುದೇ ಅವಳ ಕೆಲಸ. ತಂದೆ ತಾಯಿ ಮನೆಗಳಿಗೆ ಫೋನು ಮಾಡುವಂತಿಲ್ಲ.

ಸಹಿಯ ರಾತ್ರಿ

ಪ್ರಿಫರೆನ್ಸ್ ಸುತ್ತಿಗೆ ಎರಡು ಮನೆ ಉಳಿದವು, ಒಂದು ಅವಳಿಗೆ ಬೇಕಾದದ್ದು, ಇನ್ನೊಂದು ಅಷ್ಟಾಗಿ ಮನಸ್ಸಿಗೆ ಬಾರದ್ದು. ಈ ಭೇಟಿ ದೀರ್ಘ ಮತ್ತು ಭಾವುಕ, ಕಣ್ಣೀರು ಸಾಮಾನ್ಯ. ಹೊರಬಂದವರೇ ನೇರವಾಗಿ ಹೋಗಿ ಎಂಆರ್‌ಎಬಿಎ ಎಂಬ ಒಪ್ಪಂದಕ್ಕೆ, ಅಂದರೆ ತಾವು ಸೇರಲು ಒಪ್ಪುವ ಮನೆಗಳನ್ನು ಬರೆದುಕೊಡುವ ಪತ್ರಕ್ಕೆ, ಸಹಿ ಹಾಕಬೇಕು. ಗೆಳತಿಯರೊಂದಿಗೆ ಮಾತಿಲ್ಲ, ಫೋನಿಲ್ಲ. ಆದ್ದರಿಂದ ಯೋಚನೆ ಹಿಂದಿನ ರಾತ್ರಿಯೇ ಆಗಿರಬೇಕು.

ದಾರಿ ಮೂರು. ಎರಡೂ ಮನೆಗಳನ್ನು ಕ್ರಮವಾಗಿ ಬರೆದರೆ, ನಿಯಮದಂತೆ ಎಲ್ಲ ಸುತ್ತು ಮುಗಿಸಿದವಳಿಗೆ ಆ ಮನೆಗೆ ನಿಗದಿಯಾದ ಸಂಖ್ಯೆ, ಅಂದರೆ ಕೋಟಾ, ತುಂಬಿದ್ದರೂ ಹೆಚ್ಚುವರಿ ಜಾಗದಲ್ಲಿ ಸೇರಿಸುವ ಅವಕಾಶವಿದೆ, ಬಿಡ್, ಅಂದರೆ ಸೇರಲು ಆಹ್ವಾನ, ಸಿಗುವುದು ಬಹುಪಾಲು ಖಚಿತ. ಒಂದನ್ನೇ ಬರೆದರೆ ಆ ಹೆಚ್ಚುವರಿ ಜಾಗದ ರಕ್ಷಣೆ ಇಲ್ಲ, ಬರಿಗೈಯಲ್ಲಿ ಮರಳಬಹುದು. ಸಹಿಯೇ ಹಾಕದಿದ್ದರೆ ಯಾವ ಕಟ್ಟುಪಾಡೂ ಇಲ್ಲ. ಕೋಟಾ ತುಂಬದ ಮನೆಗಳು ನಂತರ ನಡೆಸುವ ಮುಕ್ತ ಆಯ್ಕೆಗೆ ಹೋಗಬಹುದು. ಬರೆದ ಮನೆಯ ಬಿಡ್ ಬಂದ ಮೇಲೆ ಬೇಡವೆಂದರೆ ಮುಂದಿನ ವರ್ಷದ ಆಯ್ಕೆಯವರೆಗೆ ಆ ಕ್ಯಾಂಪಸ್ಸಿನಲ್ಲಿ ಬೇರೆ ಯಾವ ಪ್ಯಾನ್‌ಹೆಲೆನಿಕ್ ಮನೆಯನ್ನೂ ಸೇರುವಂತಿಲ್ಲ. ಎರಡನೆಯ ವರ್ಷದವರಿಗೆ ಜಾಗ ಬಹಳ ಕಡಿಮೆ ಎಂಬುದೂ ಲೆಕ್ಕದಲ್ಲಿರಲಿ. ಸರಳ ಪರೀಕ್ಷೆ ಒಂದೇ: ನಾಳೆ ಲಕೋಟೆಯಲ್ಲಿ ಎರಡನೆಯ ಮನೆಯ ಹೆಸರಿದ್ದರೆ ಹೋಗುತ್ತೇನೆಯೇ? ಹೌದಾದರೆ ಬರೆಯಬೇಕು. ಖಂಡಿತ ಇಲ್ಲವಾದರೆ, ಯಾರು ಏನೇ ಹೇಳಲಿ, ಬರೆಯಬಾರದು.

ಅವಳು ಎರಡನ್ನೂ ಬರೆದಳು. ಬಿಡ್ ಡೇ ದಿನ ಬ್ರಯಂಟ್-ಡೆನ್ನಿ ಕ್ರೀಡಾಂಗಣದಲ್ಲಿ ಲಕೋಟೆ ತೆರೆದಾಗ ಬಂದದ್ದು ಎರಡನೆಯದು.

ಇಲ್ಲಿಂದ ದೀಕ್ಷೆಯವರೆಗೆ, ಅಂದರೆ ಪೂರ್ಣ ಸದಸ್ಯೆಯಾಗುವ ವಿಧಿಯವರೆಗೆ, ಸಾಮಾನ್ಯವಾಗಿ ಆರರಿಂದ ಎಂಟು ವಾರ. ಈ ಅವಧಿಯ ಬೆಲೆ ಬಹಳ ಜನರಿಗೆ ತಿಳಿದಿಲ್ಲ. ಒಮ್ಮೆ ದೀಕ್ಷೆ ಪಡೆದವಳು ಜೀವನದಲ್ಲಿ ಮತ್ತೊಂದು ಪ್ಯಾನ್‌ಹೆಲೆನಿಕ್ ಸಂಘದ ಸದಸ್ಯೆಯಾಗಲಾರಳು. ದೀಕ್ಷೆಗೆ ಮೊದಲು ಬಿಟ್ಟರೆ ಆ ವರ್ಷ ಮಾತ್ರ ಕೈತಪ್ಪುತ್ತದೆ. ಹಾಗಾಗಿ ಮೊದಲ ತಿಂಗಳು ಅವಳು ಕಂಡುಕೊಳ್ಳಬೇಕಾದ ಸಂಗತಿಗಳಿವೆ. ಅಡುಗೆಮನೆಯಲ್ಲಿ ದಿನವೂ ಸಸ್ಯಾಹಾರಿ ಊಟ ಸಿಗುತ್ತದೆಯೇ, ಸಲಾಡ್‌ನಲ್ಲೇ ಮುಗಿಯುತ್ತದೆಯೇ, ಬಾಣಸಿಗರನ್ನೇ ಕೇಳಬೇಕು. ಕಡ್ಡಾಯ ಕಾರ್ಯಕ್ರಮ ತಪ್ಪಿಸಿದರೆ ದಂಡವೆಷ್ಟು, ಲ್ಯಾಬ್ ಮತ್ತು ದೀಪಾವಳಿಗೆ ರಿಯಾಯಿತಿ ಉಂಟೇ. ದೀಕ್ಷೆಗೆ ಬೇಕಾದ ಕನಿಷ್ಠ ಅಂಕವೆಷ್ಟು. ಹೊಸಬರನ್ನು ಅವಮಾನಿಸುವ, ಕುಡಿಯಲು ಒತ್ತಾಯಿಸುವ ಯಾವುದೇ ಪದ್ಧತಿ ಕಂಡರೆ ಅಂದೇ ವಿಶ್ವವಿದ್ಯಾಲಯಕ್ಕೆ ತಿಳಿಸಬೇಕು.

ಈ ಮನೆ ಹೊಂದದಿದ್ದರೂ ಬೇರೆ ದಾರಿಗಳಿವೆ. ದಕ್ಷಿಣ ಏಷ್ಯಾ ಮೂಲದ ಹುಡುಗಿಯರು ಕಟ್ಟಿದ ಸೊರಾರಿಟಿಗಳೂ ಇವೆ, ಅವುಗಳಲ್ಲಿ ಮೂರಕ್ಕೆ ಟೆಕ್ಸಾಸ್‌ನ ದೊಡ್ಡ ಕ್ಯಾಂಪಸ್‌ಗಳೇ ತವರು: ಕಪ್ಪಾ ಫೈ ಗಾಮಾ 1998ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ, ಡೆಲ್ಟಾ ಫೈ ಒಮೇಗಾ ಅದೇ ವರ್ಷ ಹ್ಯೂಸ್ಟನ್‌ನಲ್ಲಿ, ಡೆಲ್ಟಾ ಕಪ್ಪಾ ಡೆಲ್ಟಾ 1999ರಲ್ಲಿ ಟೆಕ್ಸಾಸ್ ಎ ಅಂಡ್ ಎಂನಲ್ಲಿ ಹುಟ್ಟಿದವು. ಅವು ಪ್ಯಾನ್‌ಹೆಲೆನಿಕ್ ಒಕ್ಕೂಟದ ಹೊರಗಿರುವುದರಿಂದ ಅವುಗಳ ಆಯ್ಕೆಗೆ ಬೇರೆ ಸಮಯ, ಬೇರೆ ನಿಯಮ. ನಮ್ಮ ವಿದ್ಯಾರ್ಥಿನಿ ಮೊದಲ ತಿಂಗಳ ಕೊನೆಗೆ ತನ್ನ ಮನೆಯಲ್ಲೇ ಉಳಿಯಲು ನಿರ್ಧರಿಸಿದಳು. ಬಾಣಸಿಗರು ವಾರದ ಪಟ್ಟಿಗೆ ಬೇಳೆ, ಪನೀರ್ ಸೇರಿಸಲು ಒಪ್ಪಿದ್ದರು; ಮೂರನೇ ಸುತ್ತಿನಲ್ಲಿ ಅವಳೊಂದಿಗೆ ಮಾತಾಡಿದ್ದ ಮೂರನೇ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿನಿ ಅವಳ ಕ್ಯಾಲ್ಕುಲಸ್ ಓದಿನ ಜೊತೆಗಾತಿಯಾಗಿದ್ದಳು.